ಮಾನವ ಇಜಿಎಫ್: ಪ್ರಯೋಗಾಲಯದ ಸೀಸೆಯಲ್ಲಿರುವ ಬೆಳವಣಿಗೆ ಪ್ರೋಟೀನಿನ ಪರಿಚಯ



ಭಂಡಾರಕವಠೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಹತ್ತನೆಯ ತರಗತಿಯ ನಂತರ ವಿಜ್ಞಾನ ಶಾಖೆಗೆ ಸೇರಿ, ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ, ಪುಣೆ, ಹೈದರಾಬಾದ್, ಬೆಂಗಳೂರಿನ ಪ್ರಯೋಗಾಲಯಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರ ಕೈಗೆ ಬರುವ ವಸ್ತುಗಳಲ್ಲಿ ಒಂದು, ಕಿರುಬೆರಳಿಗಿಂತ ಚಿಕ್ಕದಾದ ಸೀಸೆ. ಅದರ ಮೇಲೆ ‘ರೀಕಾಂಬಿನಂಟ್ ಹ್ಯೂಮನ್ ಇಜಿಎಫ್, ಸಂಶೋಧನೆಯ ಬಳಕೆಗೆ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಇತ್ತ ಊರಲ್ಲಿ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಕುಳಿತ ಹಿರಿಯರ ಮನೆಗೆ ಯಾರೋ ಬಂದು ‘ಗ್ರೋತ್ ಫ್ಯಾಕ್ಟರ್ ಜೆಲ್ ಹಚ್ಚಿದರೆ ಗುಣವಾಗುತ್ತದಂತೆ’ ಎನ್ನುತ್ತಾರೆ. ಎರಡೂ ಕಡೆ ಮಾತು ಒಂದೇ ಪ್ರೋಟೀನಿನದು. ಆದರೆ ಸೀಸೆಯಲ್ಲಿರುವುದು ಔಷಧವಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಮನೆಯವರಿಗೂ ತಿಳಿಸುವುದು ಈ ಮಾಹಿತಿ ಲೇಖನದ ಉದ್ದೇಶ.

ಮೊದಲು ಹೆಸರು

ಇಜಿಎಫ್ ಎಂದರೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ಎಪಿಡರ್ಮಿಸ್ ಎಂದರೆ ಚರ್ಮದ ಹೊರಪದರ. ಆ ಪದರದ ಜೀವಕೋಶಗಳಿಗೆ ‘ಬೆಳೆಯಿರಿ, ಒಡೆದು ಎರಡಾಗಿರಿ’ ಎಂದು ಹೇಳುವ ಪ್ರೋಟೀನ್ ಇದು. ಕನ್ನಡದಲ್ಲಿ ಹೊರಚರ್ಮದ ಬೆಳವಣಿಗೆ ಅಂಶ ಎನ್ನಬಹುದು. ‘ಮಾನವ’ ಎಂದರೆ ಅದರ ನಕ್ಷೆ ಮನುಷ್ಯನ ಜೀನಿನದು. ‘ರೀಕಾಂಬಿನಂಟ್’ ಅಥವಾ ಮರುಸಂಯೋಜಿತ ಎಂದರೆ ಆ ಜೀನನ್ನು ಬೇರೊಂದು ಜೀವಿಯೊಳಗೆ ಸೇರಿಸಿ, ಅದರಿಂದ ಈ ಪ್ರೋಟೀನನ್ನು ಮಾಡಿಸಿಕೊಂಡದ್ದು. ಸೀಸೆಯಲ್ಲಿರುವುದು ಮನುಷ್ಯನ ದೇಹದಿಂದ ತೆಗೆದದ್ದಲ್ಲ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಕನ್ನಡದ ಜೀವಕೋಶ ಮರಾಠಿಯಲ್ಲಿ ‘ಪೇಶಿ’. ಕನ್ನಡದಲ್ಲಿ ಪೇಶಿ ಎಂದರೆ ಮಾಂಸಖಂಡ. ಕನ್ನಡದ ಕಿಣ್ವ ಮರಾಠಿಯಲ್ಲಿ ‘ವಿಕರ’, ವಂಶವಾಹಿ ‘ಜನುಕ’, ಪ್ರೋಟೀನು ‘ಪ್ರಥಿನ’. ನಮ್ಮ ಹಳೆಯ ಪಠ್ಯಗಳಲ್ಲಿ ಪ್ರೋಟೀನಿಗೆ ‘ಸಸಾರಜನಕ’ ಎಂಬ ಪದವೂ ಇತ್ತು. ಮೂರು ಭಾಷೆಗಳ ನಡುವೆ ಓದುವ ಹುಡುಗ ಪೇಶಿ ಎಂದಾಗ ಯಾವ ಪೇಶಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ಇದನ್ನು ದಡ್ಡತನ ಎಂದುಕೊಳ್ಳುವ ಮೇಷ್ಟ್ರುಗಳೂ ಇದ್ದಾರೆ. ನನಗೆ ಇದು ಮೂರು ಬಾಗಿಲಿನ ಮನೆಯ ಮಕ್ಕಳು ಸಹಜವಾಗಿ ಕೇಳುವ ಪ್ರಶ್ನೆ ಅನ್ನಿಸುತ್ತದೆ. ಈ ಲೇಖನದಲ್ಲಿ ಜೀವಕೋಶ, ಜೀನ್, ಪ್ರೋಟೀನ್ ಎಂಬ ಪದಗಳನ್ನೇ ಬಳಸಿದ್ದೇನೆ.

ಬೇಗ ಕಣ್ಣು ಬಿಟ್ಟ ಇಲಿಮರಿಗಳು

ಇಜಿಎಫ್ ಸಿಕ್ಕಿದ್ದು ಬೇರೆ ಏನನ್ನೋ ಹುಡುಕುವಾಗ. ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಎಂಬ ವಿಜ್ಞಾನಿ ಯಹೂದಿಯಾಗಿದ್ದ ಕಾರಣಕ್ಕೆ ಮುಸೊಲಿನಿಯ ಕಾಲದಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ಟುರಿನ್ ನಗರದ ತಮ್ಮ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಯ ಭ್ರೂಣಗಳನ್ನು ಇಟ್ಟುಕೊಂಡು ನರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ಅವರ ಜೊತೆ ಸೇರಿದವರು ರಸಾಯನತಜ್ಞ ಸ್ಟ್ಯಾನ್ಲಿ ಕೋಹೆನ್. ನರ ಬೆಳೆಸುವ ವಸ್ತು ಯಾವುದೆಂದು ತಿಳಿಯಲು ಅವರು ಹಾವಿನ ವಿಷವನ್ನು ಒಂದು ಪರೀಕ್ಷೆಗೆ ಬಳಸಿದಾಗ, ಆ ವಿಷದಲ್ಲೇ ಅದು ಹೇರಳವಾಗಿರುವುದು ಕಂಡಿತು. ವಿಷದ ಗ್ರಂಥಿ ಒಂದು ಬಗೆಯ ಜೊಲ್ಲುಗ್ರಂಥಿ ತಾನೆ? ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲೂ ಇರಬಹುದೆಂದು ಹುಡುಕಿದರು, ಇತ್ತು.

ಆ ಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಕೋಹೆನ್ ಇನ್ನೊಂದು ವಿಚಿತ್ರ ಕಂಡರು. ಸಾಮಾನ್ಯವಾಗಿ ಹುಟ್ಟಿದ ಎರಡು ವಾರದ ಹೊತ್ತಿಗೆ ಕಣ್ಣು ಬಿಡುವ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಹಲ್ಲೂ ಬೇಗ ಮೂಡಿದವು. ನರದ ಬೆಳವಣಿಗೆ ಅಂಶ ಇದನ್ನು ಮಾಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬೇರೆಯವರಾಗಿದ್ದರೆ ಇದನ್ನು ಪಕ್ಕಕ್ಕಿಡುತ್ತಿದ್ದರೇನೋ, ಕೋಹೆನ್ ಬಿಡಲಿಲ್ಲ. ಮುಂದೆ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 1962ರಲ್ಲಿ ಆ ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿದ ವರದಿ ಪ್ರಕಟಿಸಿದರು. ಕಣ್ಣೆವೆಯ ಚರ್ಮ ಬೇಗ ಬಲಿತದ್ದರಿಂದ ಮರಿಗಳು ಕಣ್ಣು ಬಿಟ್ಟಿದ್ದವು. 1986ರಲ್ಲಿ ಕೋಹೆನ್ ಮತ್ತು ಲೆವಿ ಮೊಂಟಾಲ್ಚಿನಿ ಇಬ್ಬರಿಗೂ ವೈದ್ಯಶಾಸ್ತ್ರದ ನೊಬೆಲ್ ಬಂತು.

ಮನುಷ್ಯನ ಇಜಿಎಫ್ ದೊರೆತದ್ದು 1975ರಲ್ಲಿ, ಮೂತ್ರದಿಂದ. ಇಂಗ್ಲೆಂಡಿನಲ್ಲಿ ಹ್ಯಾರಿ ಗ್ರೆಗರಿ ಎಂಬ ವಿಜ್ಞಾನಿ ಹೊಟ್ಟೆಯ ಆಮ್ಲ ತಗ್ಗಿಸುವ ‘ಯೂರೋಗ್ಯಾಸ್ಟ್ರೋನ್’ ಎಂಬ ವಸ್ತುವನ್ನು ಮೂತ್ರದಿಂದ ಶುದ್ಧೀಕರಿಸಿ ನೋಡಿದರೆ, ಅದರ 53 ಅಮೈನೋ ಆಮ್ಲಗಳಲ್ಲಿ 37 ಇಲಿಯ ಇಜಿಎಫ್‌ನೊಂದಿಗೆ ತಾಳೆಯಾದವು. ಎರಡು ಬೇರೆ ದಾರಿಯಲ್ಲಿ ಹೊರಟವರು ಒಂದೇ ವಸ್ತುವಿನ ಮುಂದೆ ನಿಂತಿದ್ದರು.

ನಮ್ಮ ಜೊಲ್ಲಿನಲ್ಲೂ ಇಜಿಎಫ್ ಇದೆ. ಬೆರಳು ಕೊಯ್ದಾಗ ಬಾಯಿಗೆ ಇಟ್ಟುಕೊಳ್ಳುವ ನಮ್ಮ ಅಭ್ಯಾಸಕ್ಕೆ ಇಷ್ಟರಮಟ್ಟಿಗೆ ಒಂದು ಸಮರ್ಥನೆ ಸಿಕ್ಕೀತು. ಆದರೆ ಬಾಯಲ್ಲಿ ಬ್ಯಾಕ್ಟೀರಿಯಾಗಳೂ ತುಂಬಿವೆ. ಸಕ್ಕರೆ ಕಾಯಿಲೆ ಇರುವವರ ಗಾಯಕ್ಕೆ ಜೊಲ್ಲು ಹಚ್ಚುವುದು ಖಂಡಿತ ಬೇಡ.

ಬೀಗ ಮತ್ತು ಕೀಲಿ

ಇಜಿಎಫ್ ಬಹಳ ಚಿಕ್ಕ ಪ್ರೋಟೀನ್. 53 ಅಮೈನೋ ಆಮ್ಲಗಳ ಒಂದೇ ಸರಪಳಿ, ತೂಕ ಸುಮಾರು 6.2 ಕಿಲೋಡಾಲ್ಟನ್. ಸರಪಳಿಯಲ್ಲಿ ಆರು ಸಿಸ್ಟೀನ್‌ಗಳಿದ್ದು, ಅವು ಎರಡೆರಡಾಗಿ ಗಂಟು ಹಾಕಿಕೊಂಡು ಮೂರು ಗಂಧಕದ ಬಂಧಗಳಾಗುತ್ತವೆ. ಆರು ಸಿಸ್ಟೀನ್‌ಗಳು ಹದಿನೈದು ಬಗೆಯಲ್ಲಿ ಜೋಡಿಯಾಗಬಹುದು, ಸರಿಯಾದದ್ದು ಒಂದೇ. ಗಂಟು ತಪ್ಪಿದರೆ ಅಮೈನೋ ಆಮ್ಲಗಳೆಲ್ಲ ಸರಿಯಿದ್ದರೂ ಪ್ರೋಟೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಂದೆ ತಯಾರಿಕೆಯ ಮಾತು ಬಂದಾಗ ಈ ಗಂಟುಗಳು ಮತ್ತೆ ಬರುತ್ತವೆ.

ಜೀವಕೋಶದ ಹೊರಗೋಡೆಯಲ್ಲಿ ಇದಕ್ಕಾಗಿಯೇ ಒಂದು ಗ್ರಾಹಿ ಇದೆ, ಹೆಸರು ಇಜಿಎಫ್‌ಆರ್. ಇಜಿಎಫ್ ಹೊರಗಿನಿಂದ ಬಂದು ಅಂಟಿದಾಗ ಇಂಥ ಎರಡು ಗ್ರಾಹಿಗಳು ಜೋಡಿಯಾಗುತ್ತವೆ, ಒಳಬದಿಯಲ್ಲಿ ಒಂದಕ್ಕೊಂದು ಫಾಸ್ಫೇಟ್ ಗುರುತು ಹಾಕುತ್ತವೆ. ಆ ಗುರುತು ಕಂಡು ಒಳಗಿನ ಪ್ರೋಟೀನುಗಳು ಸಾಲಾಗಿ ಎಚ್ಚರಗೊಂಡು ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಇಜಿಎಫ್ ಒಳಗೆ ಹೋಗಿ ಕೆಲಸ ಮಾಡಬೇಕಾಗಿಲ್ಲ. ಬಾಗಿಲು ಬಡಿದರೆ ಸಾಕು. ಅದಕ್ಕೇ ಅತಿ ಕಡಿಮೆ ಪ್ರಮಾಣ ಸಾಕಾಗುತ್ತದೆ.

ಮಳಿಯಿಂದ ಮದ್ಯಸಾರ, ಬ್ಯಾಕ್ಟೀರಿಯಾದಿಂದ ಪ್ರೋಟೀನ್

ಮೂತ್ರದಿಂದ, ಗ್ರಂಥಿಗಳಿಂದ ಇಂಥ ವಸ್ತುಗಳನ್ನು ತೆಗೆಯುವುದು ಕಷ್ಟವಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಇದಕ್ಕೆ ಪಕ್ಕದ ಉದಾಹರಣೆ ಮಾನವ ಬೆಳವಣಿಗೆ ಹಾರ್ಮೋನ್. ಹೆಸರು ಹೋಲುತ್ತದೆ, ಆದರೆ ಅದು ಬೇರೆ ಪ್ರೋಟೀನ್. ಮೊದಲು ಅದನ್ನು ಸತ್ತವರ ಮೆದುಳಿನ ಬುಡದ ಗ್ರಂಥಿಯಿಂದ ತೆಗೆದು ಕುಳ್ಳು ಮಕ್ಕಳಿಗೆ ಚುಚ್ಚುತ್ತಿದ್ದರು. ಆ ಚುಚ್ಚುಮದ್ದು ಪಡೆದವರಲ್ಲಿ ಕೆಲವರಿಗೆ ವರ್ಷಗಳ ನಂತರ ಮಾರಕ ಮೆದುಳು ರೋಗ ಬಂದದ್ದು 1985ರಲ್ಲಿ ಬೆಳಕಿಗೆ ಬಂದು, ಅಮೆರಿಕದಲ್ಲಿ ಆ ಪದ್ಧತಿ ನಿಂತಿತು. ಜೀನ್ ತಂತ್ರದಿಂದ ಮಾಡಿದ ಹಾರ್ಮೋನಿಗೆ ಅದೇ ವರ್ಷ ಅನುಮತಿ ಸಿಕ್ಕಿತು. ಅದಕ್ಕೆ ಮೊದಲೇ, 1982ರಲ್ಲಿ, ಬ್ಯಾಕ್ಟೀರಿಯಾದಿಂದ ಮಾಡಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದಿತ್ತು. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ತಂದಿತು. ಇಂದು ನಮ್ಮ ಹಳ್ಳಿಗಳ ಫ್ರಿಜ್ಜುಗಳಲ್ಲಿರುವ ಇನ್ಸುಲಿನ್ ಸೀಸೆಗಳೂ ಇದೇ ತಂತ್ರದ ಮಕ್ಕಳು.

ನಮ್ಮ ಭಾಗದವರಿಗೆ ಈ ತಂತ್ರವನ್ನು ವಿವರಿಸುವುದು ಸುಲಭ, ಏಕೆಂದರೆ ಸಕ್ಕರೆ ಕಾರ್ಖಾನೆ ನಮ್ಮ ಹೊಲದಂಚಿನಲ್ಲೇ ಇದೆ. ಕಬ್ಬಿನ ಕಾಕಂಬಿಯನ್ನು, ಅಂದರೆ ನಮ್ಮ ಮಾತಿನ ಮಳಿಯನ್ನು, ದೊಡ್ಡ ಟಾಕಿಗೆ ಹಾಕಿ ಯೀಸ್ಟ್ ಬಿಟ್ಟರೆ ಅದು ಸಕ್ಕರೆ ತಿಂದು ಮದ್ಯಸಾರ ಕೊಡುತ್ತದೆ. ಇಜಿಎಫ್ ಮಾಡುವಲ್ಲೂ ಟಾಕಿ ಇದೆ, ಸಕ್ಕರೆ ಇದೆ, ಸೂಕ್ಷ್ಮಜೀವಿ ಇದೆ. ಒಂದೇ ವ್ಯತ್ಯಾಸವೆಂದರೆ ಈ ಸೂಕ್ಷ್ಮಜೀವಿಯ ಕೈಗೆ ಹೊಸದೊಂದು ಅಡುಗೆಯ ಚೀಟಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಮನುಷ್ಯನ ಇಜಿಎಫ್ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂರಿಸಿ ಬ್ಯಾಕ್ಟೀರಿಯಾದೊಳಗೆ ಕಳಿಸುತ್ತಾರೆ. ಮನುಷ್ಯನ ದೇಹದಲ್ಲಿ ಇಜಿಎಫ್ ಮೊದಲು 1,207 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನಿನ ಭಾಗವಾಗಿ ಹುಟ್ಟಿ ಆಮೇಲೆ ಕತ್ತರಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಅಷ್ಟುದ್ದ ಚೀಟಿ ಬೇಡ, 53ರ ಭಾಗವಷ್ಟೇ ಸಾಕು.

ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದ ಮೇಲೆ ಐಪಿಟಿಜಿಯಂಥ ರಾಸಾಯನಿಕ ಹಾಕಿ ‘ಈಗ ಶುರುಮಾಡು’ ಎಂಬ ಸೂಚನೆ ಕೊಡುತ್ತಾರೆ. ಅದು ಗಡಿಬಿಡಿಯಲ್ಲಿ ಪ್ರೋಟೀನನ್ನು ರಾಶಿ ಹಾಕುತ್ತದೆ. ಆ ರಾಶಿ ಹಲವು ಸಲ ಗಂಟುಗಂಟಾಗಿ, ಮಡಿಕೆ ತಪ್ಪಿ ಕೂತಿರುತ್ತದೆ. ಆಗ ಅದನ್ನು ಯೂರಿಯಾದಂಥ ದ್ರಾವಣದಲ್ಲಿ ಬಿಡಿಸಿ, ನಿಧಾನವಾಗಿ ಮತ್ತೆ ಮಡಿಚಿ, ಮೂರು ಗಂಧಕದ ಬಂಧಗಳು ಸರಿಯಾದ ಜಾಗದಲ್ಲಿ ಬೀಳುವಂತೆ ಮಾಡಬೇಕು. ಹೌದು, ಹೊಲಕ್ಕೆ ಹಾಕುವ ಯೂರಿಯಾ ಎಂಬ ರಾಸಾಯನಿಕವೇ, ಆದರೆ ಅತಿ ಶುದ್ಧವಾದದ್ದು. ಆಮೇಲೆ ಕ್ರೊಮಟೋಗ್ರಫಿ ಕೊಳವೆಗಳಲ್ಲಿ ಒಂದಾದ ಮೇಲೊಂದು ಸೋಸಿ, ಬ್ಯಾಕ್ಟೀರಿಯಾದ ಉಳಿಕೆ ತೆಗೆದು, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ, ಸೀಸೆಗೆ ತುಂಬುತ್ತಾರೆ. ಬ್ಯಾಕ್ಟೀರಿಯಾ ಬೇಡವೆನ್ನುವವರು ಯೀಸ್ಟ್ ಬಳಸುತ್ತಾರೆ. ಐಸ್‌ಲೆಂಡಿನ ಒಂದು ಕಂಪನಿ ಬಾರ್ಲಿ ಕಾಳಿನಲ್ಲೇ ಇಜಿಎಫ್ ಬೆಳೆಸುತ್ತದೆ. ಜೋಳದ ಸೀಮೆಯವರಾದ ನಮಗೆ ಇದು ಕೇಳಲು ಸೊಗಸಾದ ಸುದ್ದಿ.

ಸೀಸೆಯನ್ನು ಓದುವುದು ಹೇಗೆ

ವಿದ್ಯಾರ್ಥಿಗಳು ಈ ಭಾಗವನ್ನು ನಿಧಾನವಾಗಿ ಓದಲಿ. ದುಬಾರಿ ಸೀಸೆ ಹಾಳಾಗುವುದು ಹೆಚ್ಚಾಗಿ ಪ್ರಯೋಗದಲ್ಲಲ್ಲ, ಮುಚ್ಚಳ ತೆಗೆಯುವ ಗಳಿಗೆಯಲ್ಲಿ.

ಸೀಸೆಯಲ್ಲಿ 100 ಮೈಕ್ರೋಗ್ರಾಂ ಇದೆ ಎನ್ನೋಣ. ಒಂದು ಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು ಇದು. ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಖಾಲಿ ಸೀಸೆ ಕಳಿಸಿದ್ದಾರೆಂದು ದೂರು ಕೊಡಬೇಡಿ. ಪುಡಿ ಮುಚ್ಚಳಕ್ಕೆ ಅಂಟಿರಬಹುದು, ಆದ್ದರಿಂದ ತೆರೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ಕೆಲವು ಸೆಕೆಂಡು ತಿರುಗಿಸಿ ತಳಕ್ಕೆ ಇಳಿಸಬೇಕು. ಜೊತೆಗೆ ಬಂದ ಕಾಗದದಲ್ಲಿ ಹೇಳಿದ ದ್ರಾವಣದಲ್ಲೇ ಕರಗಿಸಬೇಕು. ಕೆಲವು ತಯಾರಕರು ಕ್ರಿಮಿರಹಿತ ನೀರು ಎನ್ನುತ್ತಾರೆ, ಕೆಲವರು ತೆಳು ಅಸಿಟಿಕ್ ಆಮ್ಲ ಎನ್ನುತ್ತಾರೆ. ಜೋರಾಗಿ ಅಲ್ಲಾಡಿಸಬಾರದು, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ಬಹಳ ತೆಳುವಾಗಿಸಿ ಇಡಬೇಕಾದರೆ ಆಲ್ಬುಮಿನ್‌ನಂಥ ಇನ್ನೊಂದು ಪ್ರೋಟೀನನ್ನು ಜೊತೆಗೆ ಸೇರಿಸುತ್ತಾರೆ. ಇಲ್ಲವಾದರೆ ಇಜಿಎಫ್ ಪ್ಲಾಸ್ಟಿಕ್ ಕೊಳವೆಯ ಗೋಡೆಗೇ ಅಂಟಿ ಮಾಯವಾಗುತ್ತದೆ.

ಲೆಕ್ಕ ಹೀಗೆ. 100 ಮೈಕ್ರೋಗ್ರಾಮನ್ನು 1 ಮಿಲಿಲೀಟರಿನಲ್ಲಿ ಕರಗಿಸಿದಿರಿ. ಜೀವಕೋಶ ಬೆಳೆಸುವ ದ್ರವದಲ್ಲಿ ಮಿಲಿಲೀಟರಿಗೆ 10 ನ್ಯಾನೋಗ್ರಾಂ ಬೇಕು. ಇದು ಸಾಮಾನ್ಯವಾಗಿ ಬಳಸುವ ಪ್ರಮಾಣ. ಒಂದು ಲೀಟರಿಗೆ 10 ಮೈಕ್ರೋಗ್ರಾಂ ಆಯಿತು, ಅಂದರೆ ನಿಮ್ಮ ದ್ರಾವಣದ 100 ಮೈಕ್ರೋಲೀಟರ್. ಆ ಒಂದು ಸೀಸೆ 10 ಲೀಟರ್ ದ್ರವಕ್ಕೆ ಸಾಕು. ಕರಗಿಸಿದ ಕೂಡಲೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20 ಅಥವಾ ಮೈನಸ್ 80 ಡಿಗ್ರಿಯಲ್ಲಿಡಬೇಕು, ಒಂದು ಪಾಲನ್ನು ಒಂದೇ ಸಲ ಕರಗಿಸಬೇಕು. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅದರ ಶಕ್ತಿ ಕುಂದುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟಿ, ಮೇಲೆ ಕರೆಂಟೂ ಹೋದಾಗ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಒಣ ಪುಡಿ ಪಯಣದ ಬಿಸಿಯನ್ನು ಕೆಲದಿನ ತಾಳೀತು, ಕರಗಿಸಿದ್ದು ತಾಳದು.

ಇನ್ನು ಗುಣಮಟ್ಟದ ಕಾಗದ. ಶುದ್ಧತೆ ಶೇಕಡಾ 95ಕ್ಕಿಂತ ಹೆಚ್ಚು ಎಂದಿದ್ದರೆ ಅದು ಅರ್ಧ ಸುದ್ದಿ ಮಾತ್ರ. ಗಂಟು ತಪ್ಪಿದ ಪ್ರೋಟೀನ್ ಕೂಡ ಬರೀ ತೂಕದ ಪರೀಕ್ಷೆಯಲ್ಲಿ ಶುದ್ಧವಾಗಿ ಕಾಣಬಹುದು. ಅದಕ್ಕೇ ‘ಇಡಿ50’ ಎಂಬ ಸಂಖ್ಯೆ ನೋಡಬೇಕು. 3ಟಿ3 ಎಂಬ ಇಲಿಯ ಜೀವಕೋಶಗಳ ಮೇಲೆ ಇಜಿಎಫ್ ಹಾಕಿ, ಗರಿಷ್ಠ ಬೆಳವಣಿಗೆಯ ಅರ್ಧದಷ್ಟು ಬರಲು ಎಷ್ಟು ಬೇಕು ಎಂದು ಅಳೆಯುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಪ್ರೋಟೀನ್ ಚುರುಕು. ಮಿಲಿಲೀಟರಿಗೆ 0.1 ನ್ಯಾನೋಗ್ರಾಂ ಎಂದಿದ್ದರೆ, ಹತ್ತು ಲಕ್ಷವನ್ನು 0.1ರಿಂದ ಭಾಗಿಸಿ: ಒಂದು ಮಿಲಿಗ್ರಾಮಿಗೆ ಒಂದು ಕೋಟಿ ಘಟಕಗಳ ಚಟುವಟಿಕೆ. ಮೂರನೆಯದು ಎಂಡೋಟಾಕ್ಸಿನ್. ಇ. ಕೋಲೈ ಗೋಡೆಯ ಈ ಚೂರು ಉಳಿದಿದ್ದರೆ ರೋಗನಿರೋಧಕ ಜೀವಕೋಶಗಳು ಕೆರಳುತ್ತವೆ. ಆಗ ನೀವು ನೋಡುತ್ತಿರುವುದು ಇಜಿಎಫ್‌ನ ಪರಿಣಾಮವೋ ಕಸದ ಪರಿಣಾಮವೋ ತಿಳಿಯದೆ ಆರು ತಿಂಗಳ ಕೆಲಸ ವ್ಯರ್ಥವಾಗಬಹುದು.

ಇದನ್ನು ಎಲ್ಲಿ ಬಳಸುತ್ತಾರೆ

ದೇಹದ ಹೊರಗೆ ಜೀವಕೋಶಗಳನ್ನು ಬೆಳೆಸಲು ಬಹುಕಾಲದಿಂದ ಕರುವಿನ ಭ್ರೂಣದ ರಕ್ತದ ಸೀರಮ್ ಬಳಸುತ್ತಿದ್ದಾರೆ. ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂಬುದು ಪ್ರತಿ ಬ್ಯಾಚಿಗೂ ಬೇರೆ. ಅದರ ಬದಲು ಇಜಿಎಫ್, ಇನ್ಸುಲಿನ್ ಮುಂತಾದವನ್ನು ಅಳತೆ ಮಾಡಿ ಹಾಕಿದರೆ ಪ್ರಯೋಗವನ್ನು ಇನ್ನೊಬ್ಬರೂ ಅದೇ ರೀತಿ ಮಾಡಿ ನೋಡಬಹುದು.

ಚರ್ಮದ ಕಥೆ ದೊಡ್ಡದು. ಅಮೆರಿಕದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ 1975ರಲ್ಲಿ ಮನುಷ್ಯನ ಚರ್ಮದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. 1977ರಲ್ಲಿ ಅದಕ್ಕೆ ಇಜಿಎಫ್ ಸೇರಿಸಿದಾಗ, ಸುಮಾರು 50 ತಲೆಮಾರಿಗೆ ಸುಸ್ತಾಗುತ್ತಿದ್ದ ಜೀವಕೋಶಗಳು 150 ತಲೆಮಾರಿನವರೆಗೂ ಒಡೆದು ಬೆಳೆದವು. 1983ರಲ್ಲಿ ಮೈಯ ಶೇಕಡಾ 95ಕ್ಕೂ ಹೆಚ್ಚು ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಸಹೋದರರಿಗೆ, ಅವರದೇ ಚರ್ಮದ ಸಣ್ಣ ತುಣುಕಿನಿಂದ ಬೆಳೆಸಿದ ಹಾಳೆಗಳನ್ನು ಬಾಸ್ಟನ್ನಿನಲ್ಲಿ ಹೊದಿಸಿದರು. ಇಬ್ಬರೂ ಬದುಕಿದರು.

ಕಣ್ಣಿನ ವಿಷಯ ನಮಗೆ ಇನ್ನೂ ಹತ್ತಿರದ್ದು. ಎಲೆ ಅಡಿಕೆ, ತಂಬಾಕಿನ ಜೊತೆಗಿನ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಆಡುವಾಗ ಅದು ಒಡೆದು ಕಣ್ಣಿಗೆ ಸಿಡಿಯುವುದುಂಟು. ಸುಣ್ಣ ಕರಿಗುಡ್ಡೆಯ ಅಂಚಿನ ಕಾಂಡಕೋಶಗಳನ್ನೇ ಸುಟ್ಟುಬಿಡುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇಂಥ ರೋಗಿಗಳ ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಚೂರು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಕಸಿ ಮಾಡುವ ಕೆಲಸವನ್ನು 2001ರ ಸುಮಾರಿನಿಂದ ಮಾಡಿಕೊಂಡು ಬಂದಿದೆ. ಕಣ್ಣಿನ ಹೊರಪದರದ ಜೀವಕೋಶ ಬೆಳೆಸುವ ದ್ರವಗಳಲ್ಲಿ ಇಜಿಎಫ್ ಸಾಮಾನ್ಯ ಪದಾರ್ಥ. ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಮೇಲಿಡುವುದು ಇದೆಲ್ಲದಕ್ಕಿಂತ ಅಗ್ಗ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

2009ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ ಒಂದೇ ಕಾಂಡಕೋಶದಿಂದ ಪುಟಾಣಿ ಕರುಳನ್ನು ತಟ್ಟೆಯಲ್ಲಿ ಬೆಳೆಸಿತು. ಅದಕ್ಕೆ ಬೇಕಾದ ಮೂರು ಮುಖ್ಯ ಪ್ರೋಟೀನುಗಳಲ್ಲಿ ಇಜಿಎಫ್ ಒಂದು.

ಇಂಥ ಕೆಲಸ ಕಲಿಯಬೇಕೆನ್ನುವ ನಮ್ಮ ಮಕ್ಕಳಿಗೆ ಊರಿನ ಜಾಗವೇ ಒಂದು ಅನುಕೂಲ. ಸೊಲ್ಲಾಪುರದ ಮೇಲೆ ಹಾದುಹೋಗುವ ಹೆದ್ದಾರಿಯ ಒಂದು ಕಡೆ ಪುಣೆ, ಅಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ. ದೇಶದ ಸಂಶೋಧಕರಿಗೆ ಜೀವಕೋಶಗಳನ್ನು ಕಾಪಿಟ್ಟು ಒದಗಿಸುವ ಭಂಡಾರ ಅದು. ಇನ್ನೊಂದು ಕಡೆ ಹೈದರಾಬಾದಿನ ಜೀನೋಮ್ ವ್ಯಾಲಿ. ರೈಲು ಹತ್ತಿದರೆ ಬೆಂಗಳೂರು.

ಅದೇ ಪ್ರೋಟೀನ್ ಔಷಧವಾದಾಗ

ಆ ಜೀನೋಮ್ ವ್ಯಾಲಿಯಲ್ಲೇ ಇರುವ ಭಾರತ್ ಬಯೋಟೆಕ್ ಕಂಪನಿ ಮರುಸಂಯೋಜಿತ ಮಾನವ ಇಜಿಎಫ್‌ನ ಜೆಲ್ ತಯಾರಿಸಿತು, ಹೆಸರು ರೀಜೆನ್-ಡಿ. ಒಂದು ಗ್ರಾಂ ಜೆಲ್ಲಿನಲ್ಲಿ 150 ಮೈಕ್ರೋಗ್ರಾಂ ಇಜಿಎಫ್ ಇರುವ ಬಗೆಯನ್ನು ಮಧುಮೇಹದ ಪಾದದ ಹುಣ್ಣಿಗೆಂದು ರೋಗಿಗಳ ಮೇಲೆ ಮೂರನೇ ಹಂತದ ಪರೀಕ್ಷೆಗೆ ಒಳಪಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಕ್ಯೂಬಾ ದೇಶ ಹೆಬರ್‌ಪ್ರಾಟ್-ಪಿ ಎಂಬ ಇಜಿಎಫ್ ಔಷಧಕ್ಕೆ ಅನುಮತಿ ಕೊಟ್ಟಿತು. ಅವರದು ಹಚ್ಚುವ ಔಷಧವಲ್ಲ: 75 ಮೈಕ್ರೋಗ್ರಾಮನ್ನು ವಾರಕ್ಕೆ ಮೂರು ಸಲ ಹುಣ್ಣಿನ ಅಂಚಿಗೂ ತಳಕ್ಕೂ ಚುಚ್ಚುತ್ತಾರೆ. ಕಾರಣ, ಹಳೆಯ ಹುಣ್ಣಿನ ರಸದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ. ಮೇಲೆ ಹಚ್ಚಿದ ಇಜಿಎಫ್ ಒಳಗಿನ ಜೀವಕೋಶವನ್ನು ಮುಟ್ಟುವ ಮೊದಲೇ ಚೂರಾಗಬಹುದು.

ಹಾಗಾದರೆ ಹಚ್ಚಿಸಿಕೊಳ್ಳಬೇಕೋ ಬೇಡವೋ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯಗುಂಪು ತನ್ನ 2023ರ ಮಾರ್ಗಸೂಚಿಯಲ್ಲಿ ಬೆಳವಣಿಗೆ ಅಂಶಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಶಿಫಾರಸು ಮಾಡಿಲ್ಲ. ಕೆಲವು ತಜ್ಞರು ಆಯ್ದ ರೋಗಿಗಳಿಗೆ ಬಳಸುತ್ತಾರೆ. ಆದರೆ ಎಲ್ಲರೂ ಒಪ್ಪುವ ಮಾತು ಒಂದಿದೆ: ಸತ್ತ ಮಾಂಸ ಕತ್ತರಿಸಿ ತೆಗೆಯದೆ, ಸೋಂಕು ತಗ್ಗಿಸದೆ, ಕಾಲಿಗೆ ರಕ್ತ ಹರಿಯುತ್ತಿದೆಯೇ ನೋಡದೆ, ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡದೆ, ಸಕ್ಕರೆ ಹತೋಟಿಗೆ ತರದೆ ಯಾವ ಜೆಲ್ಲೂ ಹುಣ್ಣು ಮಾಯಿಸದು. ಇದರಲ್ಲಿ ಭಾರ ತಪ್ಪಿಸುವುದೇ ನಮ್ಮಲ್ಲಿ ಅತಿ ಕಷ್ಟ. ಪಂಢರಪುರದ ವಾರಿಗೆ ನಡೆಯಬೇಕು, ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಜಾತ್ರೆಗೆ ಹೋಗಬೇಕು, ಹೊಲದ ಕೆಲಸ ಬಿಡುವಂತಿಲ್ಲ. ಅಂಗಾಲಿನ ಸ್ಪರ್ಶ ಹೋಗಿರುವುದರಿಂದ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಕಾದ ಡಾಂಬರಿನ ಮೇಲೆ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ದಿನಕ್ಕೊಮ್ಮೆ ಮನೆಯವರು ಯಾರಾದರೂ ಹಿರಿಯರ ಅಂಗಾಲು ತಿರುಗಿಸಿ ನೋಡಿದರೆ, ಜೆಲ್ಲಿನ ಮಾತು ಬರುವುದಕ್ಕೆ ಮೊದಲೇ ಹುಣ್ಣು ಸಿಕ್ಕಿಬೀಳುತ್ತದೆ.

ಎಚ್ಚರಿಕೆಗೆ ಇನ್ನೊಂದು ಕಾರಣವೂ ಇದೆ. ಬೆಳೆಯಿರಿ ಎಂಬ ಸುದ್ದಿಯನ್ನು ಕ್ಯಾನ್ಸರ್ ಕೋಶವೂ ಕೇಳಿಸಿಕೊಳ್ಳುತ್ತದೆ. 1984ರಲ್ಲಿ, ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನು ಇಜಿಎಫ್ ಗ್ರಾಹಿಯ ತುಂಡನ್ನೇ ಹೋಲುತ್ತದೆಂದು ತಿಳಿಯಿತು. ಬಾಯಿ, ಗಂಟಲಿನ ಅನೇಕ ಕ್ಯಾನ್ಸರುಗಳಲ್ಲಿ ಈ ಗ್ರಾಹಿ ಅತಿಯಾಗಿರುತ್ತದೆ. ಬೀಡಿ, ತಂಬಾಕು ಬಿಡದ ನಮ್ಮ ಸೀಮೆಗೆ ಇದು ದೂರದ ವಿಷಯವಲ್ಲ. ಆ ಬಾಗಿಲಿಗೆ ಬೀಗ ಹಾಕುವ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಕ್ಯೂಬಾದ ವಿಜ್ಞಾನಿಗಳು ರೂಪಿಸಿದರು. 2006ರಲ್ಲಿ ಬಯೋಕಾನ್ ಅದನ್ನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆಂದು ಭಾರತದಲ್ಲಿ ತಂದಿತು. ಹುಣ್ಣು ಮಾಯಿಸಲು ಒಬ್ಬರು ಬಡಿಯುವ ಬಾಗಿಲನ್ನೇ ಇನ್ನೊಬ್ಬರು ಮುಚ್ಚುತ್ತಿದ್ದಾರೆ. ಇನ್ನೊಂದು ಬೆಳವಣಿಗೆ ಅಂಶ, ಪಿಡಿಜಿಎಫ್‌ನ ಜೆಲ್ಲಿಗೆ ಅಮೆರಿಕ 1997ರಲ್ಲಿ ಅನುಮತಿ ಕೊಟ್ಟು, 2008ರಲ್ಲಿ ಕ್ಯಾನ್ಸರ್ ಕುರಿತ ಕಠಿಣ ಎಚ್ಚರಿಕೆ ಹಾಕಿಸಿ, ಹೆಚ್ಚಿನ ಮಾಹಿತಿ ಬಂದ ಮೇಲೆ 2018ರಲ್ಲಿ ಅದನ್ನು ತೆಗೆಸಿತು. ಔಷಧವೆಂದರೆ ಹೀಗೆ ಇಪ್ಪತ್ತು ವರ್ಷ ಯಾರಾದರೂ ಲೆಕ್ಕ ಇಡುತ್ತಿರಬೇಕು.

ಸಂಶೋಧನೆಯ ಸೀಸೆಗೆ ಆ ಲೆಕ್ಕ ಇರುವುದಿಲ್ಲ. ಒಳಗಿನ 53 ಅಮೈನೋ ಆಮ್ಲಗಳು ಅವೇ ಇರಬಹುದು. ಆದರೆ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿಲ್ಲ, ಔಷಧ ಕಾರ್ಖಾನೆಯ ನಿಯಮದಂತೆ ತುಂಬಿಲ್ಲ, ಎಷ್ಟು ಕೊಡಬೇಕೆಂದು ಯಾರೂ ನಿಗದಿ ಮಾಡಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರೋಟೀನ್ ಮಾಡುವ ಬ್ಯಾಕ್ಟೀರಿಯಾವನ್ನು ಬೆಳೆಸಲೂ 1989ರ ನಿಯಮಗಳಡಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಣ್ಗಾವಲು ಬೇಕು. ಮನುಷ್ಯರಿಗೆ ಕೊಡಬೇಕಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳಡಿ ಕೇಂದ್ರದ ಅನುಮತಿ ಬೇಕು. ಮುಖದ ಸುಕ್ಕಿಗೆ, ಕೂದಲಿಗೆ, ಮಂಡಿನೋವಿಗೆ ‘ವಿದೇಶಿ ಗ್ರೋತ್ ಫ್ಯಾಕ್ಟರ್’ ಎಂದು ಯಾರಾದರೂ ಸೀಸೆ ತೋರಿಸಿದರೆ, ಅದನ್ನು ಕೈಗೆ ತೆಗೆದುಕೊಂಡು ಓದಿ. ಭಾರತದಲ್ಲಿ ಮಾರುವ ಔಷಧದ ಮೇಲೆ ತಯಾರಿಕೆ ಅಥವಾ ಆಮದಿನ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಗರಿಷ್ಠ ಬೆಲೆ ಇರಲೇಬೇಕು. ಸಂಶೋಧನೆಯ ಸೀಸೆಯ ಮೇಲೆ ಪರವಾನಗಿ ಸಂಖ್ಯೆ ಇರುವುದಿಲ್ಲ. ಇಂಗ್ಲಿಷಿನ ‘ರಿಸರ್ಚ್ ಯೂಸ್ ಓನ್ಲಿ’ ಎಂಬ ಮೂರು ಪದ, ಕೆಲವೊಮ್ಮೆ ಬರೀ ‘ಆರ್‌ಯುಒ’ ಎಂಬ ಮೂರಕ್ಷರ ಇರುತ್ತದೆ. ಅದನ್ನು ಕಂಡರೆ ಚುಚ್ಚಿಸಿಕೊಳ್ಳಬೇಡಿ, ಹಚ್ಚಿಸಿಕೊಳ್ಳಬೇಡಿ. ಬಿಲ್ ಕೇಳಿ. ಭೀಮೆಯ ಈಚೆ ದಡದವರು ದೂರು ಕೊಡಬೇಕಾದದ್ದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ. ಆಚೆ ದಡದ ವಿಜಯಪುರ ಜಿಲ್ಲೆಯವರು ಕರ್ನಾಟಕದ ಔಷಧ ನಿಯಂತ್ರಣಾಧಿಕಾರಿಗಳಿಗೆ.